ಎಂಟು ಪಾಯಿಂಟ್ ಬಿಟ್ಟು ನಾಲ್ಕೇ ಜಾಗ: ಕೋಟಗಿರಿಯಲ್ಲಿ ನಮ್ಮ ಒಂದು ದಿನ

ಎರಡು ವರ್ಷದ ಹಿಂದೆ ಊಟಿಗೆ ಪ್ಯಾಕೇಜ್‌ನಲ್ಲಿ ಹೋಗಿದ್ದೆವು. ಒಂದೇ ದಿನಕ್ಕೆ ಎಂಟು ಪಾಯಿಂಟ್. ಒಂದೊಂದು ಕಡೆ ಇಪ್ಪತ್ತು ನಿಮಿಷ, ಇಳಿ, ಫೋಟೋ ತೆಗೆ, ಮತ್ತೆ ಗಾಡಿ ಹತ್ತು. ಟೀ ಫ್ಯಾಕ್ಟರಿ ಅಂತ ಕರೆದುಕೊಂಡು ಹೋಗಿದ್ದು ಸಂಜೆ ಐದು ಗಂಟೆಗೆ. ಆ ಹೊತ್ತಿಗೆ ಮಿಷನ್‌ಗಳೆಲ್ಲ ನಿಂತಿದ್ದವು. ಗಾಜಿನ ಆಚೆ ಖಾಲಿ ಬೆಲ್ಟ್ ನೋಡಿ, ಪುಟ್ಟ ಕಪ್‌ನಲ್ಲಿ ಒಂದು ಗುಟುಕು ಟೀ ಕುಡಿದು, ಅಂಗಡಿಯೊಳಗೆ ಹಾದು ಹೊರಗೆ ಬಂದೆವು. ವಾಪಸ್ ಬರುವಾಗ ನಮ್ಮತ್ತೆ ಕೇಳಿದರು, "ಅಷ್ಟು ದೂರ ಹೋಗಿ ನಾವು ನೋಡಿದ್ದಾದರೂ ಏನಮ್ಮ?" ನನಗೆ ಉತ್ತರ ಹೊಳೆಯಲಿಲ್ಲ, ಆ ಮಾತು ಮನಸ್ಸಲ್ಲೇ ಉಳಿಯಿತು.

ಹಾಗಾಗಿ ಹೋದ ಡಿಸೆಂಬರ್‌ನಲ್ಲಿ ಎಲ್ಲ ನಾನೇ ಮಾಡಿದೆ. ಅತ್ತೆ, ನಮ್ಮನೆಯವರು, ಹತ್ತು ವರ್ಷದ ಮಗಳು, ನಾನು. ಊಟಿ ಬೇಡ ಅಂತ ಕೋಟಗಿರಿ ಆರಿಸಿಕೊಂಡೆ. ಊಟಿಯಿಂದ ಸುಮಾರು ಮೂವತ್ತು ಕಿಲೋಮೀಟರ್ ಅಷ್ಟೇ, ಅಷ್ಟು ಗದ್ದಲ ಇಲ್ಲ. ಉಳಿದುಕೊಳ್ಳುವ ಮನೆಯವರಿಗೇ ಫೋನ್ ಮಾಡಿ, ಅದೇ ಊರಲ್ಲಿ ಹುಟ್ಟಿ ಬೆಳೆದ ಗೈಡ್ ಯಾರಾದರೂ ಇದ್ದಾರಾ ಅಂತ ಕೇಳಿದೆ. ಸಿಕ್ಕವರು ಬಡಗರು, ನೀಲಗಿರಿಯ ಬೆಟ್ಟದಲ್ಲೇ ಇರುವ ಒಂದು ಸಮುದಾಯದವರು. ಅವರಿಗೂ ಸ್ವಲ್ಪ ಟೀ ತೋಟ ಇದೆ, ಉಳಿದ ದಿನ ಹೀಗೆ ಜನರನ್ನು ಸುತ್ತಾಡಿಸುತ್ತಾರೆ. ಫೋನ್‌ನಲ್ಲಿ ನಾನು ಒಂಬತ್ತು ಜಾಗದ ಪಟ್ಟಿ ಓದಿದೆ. ಸಮಾಧಾನವಾಗಿ ಕೇಳಿಸಿಕೊಂಡು, "ಎಲ್ಲಾ ಆಗುತ್ತೆ ಅಕ್ಕ, ಆದರೆ ನೀವು ಇಡೀ ದಿನ ಕಾರಲ್ಲೇ ಇರ್ತೀರಿ" ಅಂದರು. ಅಲ್ಲೇ ಪಟ್ಟಿ ನಾಲ್ಕಕ್ಕೆ ಇಳಿಯಿತು. ಒಂದು ಶೋಲಾ (ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ದಟ್ಟ ಕಾಡು), ಒಂದು ಟೀ ಫ್ಯಾಕ್ಟರಿ, ಅವರದೇ ತೋಟ ಮತ್ತು ಹಟ್ಟಿ, ಕೊನೆಗೆ ಕೋಡನಾಡು ವ್ಯೂ ಪಾಯಿಂಟ್. ಯಾವುದು ಎಷ್ಟು ಹೊತ್ತಿಗೆ ಅನ್ನೋದನ್ನೂ ಅವರಿಗೇ ಬಿಟ್ಟೆ, ಇಡೀ ದಿನ ಚೆನ್ನಾಗಿ ಆಗಿದ್ದೇ ಅದರಿಂದ.

ದಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತೆ, ಅದನ್ನು ನೋಡಿಕೊಂಡು ಮೈಸೂರು ಬಿಡಿ. ನೀಲಗಿರಿ ಜಿಲ್ಲೆಗೆ ಹೊರಗಿನ ಗಾಡಿ ಹೋಗಬೇಕಾದರೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಮನೆಯಲ್ಲೇ ಮಾಡಿಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ತರುವ ಹಾಗಿಲ್ಲ, ಗಡಿಯಲ್ಲಿ ಗಾಡಿ ತಪಾಸಣೆ ಮಾಡುತ್ತಾರೆ. ನಾವು ಸ್ಟೀಲ್ ಬಾಟಲಿ ಒಯ್ದಿದ್ದೆವು. ಮಸಿನಗುಡಿ ಮೇಲೆ ಹೋದರೆ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು, ಮಗಳಿಗೆ ಹದಿನೈದನೇ ತಿರುವಿಗೇ ವಾಂತಿ. ಹಿಂದಿನ ದಿನವೇ ಹೋಗಿ ಉಳಿದುಕೊಂಡಿದ್ದು ಒಳ್ಳೇದಾಯಿತು. ಮೈಸೂರಿಂದ ಹೋಗಿ ಅವತ್ತೇ ವಾಪಸ್ ಬರುವ ಯೋಚನೆ ದಯವಿಟ್ಟು ಬೇಡ, ಆ ದಿನ ಪೂರ್ತಿ ರಸ್ತೆಗೇ ಹೋಗುತ್ತೆ.

ಮಾರನೇ ದಿನ ಬೆಳಗ್ಗೆ ಆರೂವರೆಗೆ ಲಾಂಗ್‌ವುಡ್ ಶೋಲಾ ಹತ್ತಿರ ಇದ್ದೆವು. ಕೋಟಗಿರಿ ಪೇಟೆಯ ಪಕ್ಕದಲ್ಲೇ ಇದೆ, ಸುಮಾರು 116 ಹೆಕ್ಟೇರ್. ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ನಮ್ಮ ಗೈಡ್ ಅಣ್ಣ ಮೊದಲೇ ತೆಗೆದಿಟ್ಟಿದ್ದರು. ಒಳಗೆ ಹೋಗುವ ಮೊದಲು ಎರಡೇ ಮಾತು ಹೇಳಿದರು: ಜೋರಾಗಿ ಮಾತು ಬೇಡ, ಏನನ್ನೂ ಕೀಳೋದು ಬೇಡ.

ಒಳಗೆ ಕಾಲಿಟ್ಟ ಕೂಡಲೇ ಚಳಿ ಇನ್ನಷ್ಟು ಜಾಸ್ತಿ ಆಯಿತು. ಬಂಡೀಪುರದ ಕಾಡಿಗೂ ಇದಕ್ಕೂ ಸಂಬಂಧವೇ ಇಲ್ಲ. ಮರಗಳು ತೀರಾ ಎತ್ತರ ಇಲ್ಲ, ಕೊಂಬೆಗಳೆಲ್ಲ ಸೊಟ್ಟಸೊಟ್ಟ, ಬುಡದಿಂದ ತುದಿತನಕ ಪಾಚಿ ಹಬ್ಬಿದೆ. ಅಣ್ಣ ಮಗಳ ಕೈ ಹಿಡಿದು ಒಂದು ಮರದ ಬುಡದ ಪಾಚಿಯ ಮೇಲೆ ಇಟ್ಟು, "ಮೆಲ್ಲಗೆ ಒತ್ತು" ಅಂದರು. ಒತ್ತಿದಳು. ಬೆರಳ ಸಂದಿಯಿಂದ ನೀರು ಬಂತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಮಳೆ ಬಂದು ಮೂರು ದಿನ ಆಗಿತ್ತಂತೆ. ಅವಳು ಕೈ ತೆಗೆದ ಮೇಲೆ ಪಾಚಿ ನಿಧಾನಕ್ಕೆ ಮತ್ತೆ ಉಬ್ಬಿತು. ನಾವು ನಾಲ್ಕೂ ಜನ ಬಗ್ಗಿ ಅದನ್ನೇ ನೋಡುತ್ತಾ ಇದ್ದೆವು.

ಆಮೇಲೆ ಅವರು ಹೇಳಿದ್ದು ನನಗೆ ಹೊಸದು. ನೀಲಗಿರಿಯ ಮೇಲ್ಭಾಗ ಮೊದಲು ಹೀಗೆ ಟೀ ತೋಟ ಆಗಿರಲಿಲ್ಲ. ಬೆಟ್ಟದ ಮೈಯೆಲ್ಲ ಹುಲ್ಲು, ನೀರು ಹರಿಯುವ ಮಡಿಕೆಗಳಲ್ಲಿ ಮಾತ್ರ ಇಂಥ ಶೋಲಾ. ಚಳಿಗಾಲದಲ್ಲಿ ಬಯಲಲ್ಲಿ ಇಬ್ಬನಿ ಹೆಪ್ಪುಗಟ್ಟಿ ಮರದ ಸಸಿಗಳು ಸುಟ್ಟ ಹಾಗಾಗುತ್ತವೆ, ಅದಕ್ಕೇ ಅಲ್ಲಿ ಹುಲ್ಲೇ ಉಳಿಯೋದು. ಹುಲ್ಲೂ ಶೋಲಾನೂ ಸೇರಿ ಮಳೆ ನೀರನ್ನು ಹಿಡಿದಿಟ್ಟು ಬೇಸಿಗೆವರೆಗೂ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಬ್ರಿಟಿಷರ ಕಾಲದಲ್ಲಿ ಹುಲ್ಲುಗಾವಲಿಗೆ ನೀಲಗಿರಿ ಮರ ಬಂತು, ವ್ಯಾಟಲ್ ಅನ್ನೋ ಇನ್ನೊಂದು ಹೊರಗಿನ ಮರ ಬಂತು, ಟೀ ಬಂತು. ನಾವು 'ನೀಲಗಿರಿ ಮರ' ಅನ್ನೋದು ಆಸ್ಟ್ರೇಲಿಯಾದ್ದು ಅಂತ ಗೊತ್ತಿತ್ತು, ಆದರೆ ಈ ಬೆಟ್ಟದ ನಿಜವಾದ ಮರ ಹೇಗಿರುತ್ತೆ ಅಂತ ನಾನು ನೋಡಿದ್ದು ಅವತ್ತೇ. ಕಾಡಿನ ಕೆಳಗೆ ಒಂದು ಸಣ್ಣ ತೊರೆ. ಸುತ್ತಲಿನ ಹಟ್ಟಿಗಳಿಗೆ ಕುಡಿಯುವ ನೀರು ಈ ಕಾಡಿನದೇ, ಅಣ್ಣನ ಮನೆಗೂ. ಈ ಕಾಡನ್ನು ಕಾಪಾಡೋಕೆ ಊರಿನವರು ವರ್ಷಾನುಗಟ್ಟಲೆ ಓಡಾಡಿದ್ದಾರೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ ಅಂತ ಹೇಳುವಾಗ ಅವರ ಮುಖದಲ್ಲಿ ಎಷ್ಟು ಸಂತೋಷ ಇತ್ತು ಗೊತ್ತಾ, ನೋಡಿ ನನಗೇ ಖುಷಿಯಾಯಿತು.

ಅತ್ತೆಗೆ ಮಂಡಿ ನೋವು. ಊರುಗೋಲು ಹಿಡಿದು ಒಂದೂವರೆ ಗಂಟೆ ನಡೆದರು, ನಡುವೆ ಮೂರು ಸಲ ಕೂತರು. ಅವಸರ ಇರಲಿಲ್ಲವಾದ್ದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಕೂತಿದ್ದಾಗಲೇ ಪೊದೆಯಲ್ಲಿ ಲಾಫಿಂಗ್ ತ್ರಷ್ ಹಕ್ಕಿಗಳ ಒಂದು ಗುಂಪು ಬಂತು, ನಕ್ಕ ಹಾಗೇ ಕೂಗುತ್ತವೆ. ನಡೆಯುತ್ತಾ ಇದ್ದಿದ್ದರೆ ಅವು ಕಾಣುತ್ತಿರಲಿಲ್ಲ.

ತಿಂಡಿ ಮುಗಿಸಿ ಹತ್ತು ಗಂಟೆಗೆ ಫ್ಯಾಕ್ಟರಿ. ಹೊತ್ತಿನ ಮಹತ್ವ ಅರ್ಥ ಆಗಿದ್ದು ಇಲ್ಲಿ. ಹಗಲಲ್ಲಿ ಕಿತ್ತ ಎಲೆ ಸಂಜೆಗೆ ಬರುತ್ತೆ, ರಾತ್ರಿಯೆಲ್ಲ ಬಾಡಿಸುತ್ತಾರೆ, ಬೆಳಗಿನ ಜಾವದಿಂದ ಮಿಷನ್ ಶುರು. ಹಾಗಾಗಿ ಬೆಳಗ್ಗೆ ಹೋದರೆ ಎಲ್ಲ ಓಡುತ್ತಿರುತ್ತೆ. ಇನ್ನೊಂದು ಮಾತು, ಭಾನುವಾರ ಎಲೆ ಕೀಳದ ಕಡೆ ಸೋಮವಾರ ಫ್ಯಾಕ್ಟರಿಗೆ ಕೆಲಸ ಇರೋದಿಲ್ಲ. ಸೋಮವಾರ ಬಿಟ್ಟು ಹೋಗಿ.

ಮೇಲಿನ ಅಂತಸ್ತಿನಲ್ಲಿ ಉದ್ದುದ್ದ ತೊಟ್ಟಿ, ತಳದಲ್ಲಿ ಜಾಲರಿ, ಕೆಳಗಿಂದ ಫ್ಯಾನ್ ಗಾಳಿ. ಎಲೆಯನ್ನು ಮುಟ್ಟಿ ನೋಡಿ ಅಂದರು. ಬಾಡಿದ ವೀಳ್ಯದೆಲೆ ಥರ ಮೆತ್ತಗೆ, ಮುಷ್ಟಿ ಕಟ್ಟಿ ಬಿಟ್ಟರೂ ಮುರಿಯೋದಿಲ್ಲ. ಕೆಳಗೆ ಹಲ್ಲು ಹಲ್ಲಿನ ರೋಲರ್ ಜೋಡಿಗಳು, ಒಂದಕ್ಕಿಂತ ಒಂದು ಬೇರೆ ವೇಗದಲ್ಲಿ ಎದುರುಬದುರು ತಿರುಗುತ್ತವೆ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡೋದು ಇವೇ, ಸಿಟಿಸಿ ಅಂದರೆ ಅದೇ. ಮೊದಲ ಜೋಡಿಯಿಂದ ಹಸಿರಾಗಿ ಬಂದದ್ದು ಕೊನೆಯ ಜೋಡಿ ದಾಟಿದ ಮೇಲೆ ಸಣ್ಣ ಕಾಳಾಗಿ ಬೀಳುತ್ತೆ, ಆಗಲೇ ಬಣ್ಣ ತಿರುಗೋಕೆ ಶುರುವಾಗಿರುತ್ತೆ. ಇದು ಯಾಕೆ ಕೆಂಪಾಗುತ್ತೆ ಅಂತ ಮಗಳು ಕೇಳಿದಾಗ ಅತ್ತೆಯೇ ಉತ್ತರ ಹೇಳಿದರು, "ಬದನೆಕಾಯಿ ಹೆಚ್ಚಿ ಹಾಗೇ ಇಟ್ರೆ ಕಪ್ಪಾಗಲ್ವೇನೇ, ಹಂಗೇ." ಫ್ಯಾಕ್ಟರಿಯವರು ಹೌದು ಅಂತ ತಲೆ ಆಡಿಸಿದರು. ಗಾಳಿಗೆ ಬಣ್ಣ ಬಂದ ಮೇಲೆ ಬಿಸಿ ಗಾಳಿಯ ಡ್ರೈಯರ್‌ಗೆ ಹಾಕಿ ಅದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಎಲೆ ಬಾಡುವ ಕಡೆ ಸೌತೆಕಾಯಿ ಹೆಚ್ಚಿದ ಹಾಗೆ ವಾಸನೆ, ಡ್ರೈಯರ್ ಹತ್ತಿರ ಬಂದರೆ ನಮ್ಮ ಅಡುಗೆಮನೆಯ ಟೀ ಡಬ್ಬಿ ತೆಗೆದ ವಾಸನೆ. ಮೂವತ್ತು ಹೆಜ್ಜೆ ನಡೆಯುವಷ್ಟರಲ್ಲಿ ಇಷ್ಟು ಬದಲಾವಣೆ.

ನಾನು ಇಷ್ಟು ದಿನ ಡಸ್ಟ್ ಟೀ ಅಂದರೆ ಕಳಪೆ, ಕೊನೆಗೆ ಉಳಿದ ಪುಡಿ ಅಂದುಕೊಂಡಿದ್ದೆ. ಜರಡಿ ಹಿಡಿಯುವಾಗ ಗಾತ್ರಕ್ಕೆ ಕೊಡುವ ಹೆಸರು ಅದು. ಸಣ್ಣ ಕಾಳು ಬೇಗ ರಸ ಬಿಡುತ್ತೆ, ಹಾಲು ಹಾಕಿದರೂ ಗಟ್ಟಿಯಾಗಿರುತ್ತೆ, ಅದಕ್ಕೇ ನಮ್ಮ ಕಡೆ ಹೋಟೆಲ್‌ಗಳಲ್ಲಿ ಅದೇ ಬೇಕು. ಒಂದು ಕಿಲೋ ಟೀ ಪುಡಿಗೆ ನಾಲ್ಕು ಕಿಲೋಗಿಂತ ಜಾಸ್ತಿ ಹಸಿ ಎಲೆ ಬೇಕು. ಈ ಲೆಕ್ಕ ಮುಂದೆ ತೋಟದಲ್ಲಿ ನಿಂತಾಗ ತಲೆಯಲ್ಲಿ ಓಡುತ್ತಲೇ ಇತ್ತು.

ತೋಟ ಅಣ್ಣನದೇ, ಇಳಿಜಾರಿನಲ್ಲಿ. ಒಂದು ಚಿಗುರು ಬಗ್ಗಿಸಿ ತೋರಿಸಿದರು. ತುದಿಯಲ್ಲಿ ಸುರುಳಿ ಸುತ್ತಿಕೊಂಡ ಮೊಗ್ಗು, ಅದರ ಬೆನ್ನಿಗೆ ಸಣ್ಣ ಬಿಳಿ ರೋಮ, ಕೆಳಗೆ ಎರಡು ಎಳೆ ಎಲೆ. ಕೀಳಬೇಕಾದ್ದು ಅಷ್ಟೇ. ಮೂರನೇ ಎಲೆ ಮುಟ್ಟಿದರೆ ಆಗಲೇ ಬಿರುಸು ಗೊತ್ತಾಗುತ್ತೆ. ಪಕ್ಕದ ಸಾಲಿನಲ್ಲಿ ಮೂವರು ಹೆಂಗಸರು ಕೀಳುತ್ತಿದ್ದರು, ಎರಡೂ ಕೈ ಓಡುತ್ತಿತ್ತು, ಕಣ್ಣು ಮಾತ್ರ ಮುಂದಿನ ಗಿಡದ ಮೇಲೆ. ಅವರನ್ನು ಕೇಳಿಯೇ ನಾನು ಹತ್ತು ನಿಮಿಷ ಕಿತ್ತೆ. ಸಿಕ್ಕಿದ್ದು ಎರಡು ಹಿಡಿ. ಅದರಿಂದ ನಮ್ಮ ನಾಲ್ವರಿಗೆ ಒಂದು ಹೊತ್ತಿನ ಟೀ ಆದರೆ ಹೆಚ್ಚು. ಮನೆಯಲ್ಲಿ ಪುಡಿ ಚೆಲ್ಲಿದಾಗ ನಾನು ಸುಮ್ನೆ ಗುಡಿಸಿ ಹಾಕುತ್ತಿದ್ದೆ, ಈಗ ಹಾಕೋದಿಲ್ಲ.

ಸ್ವಲ್ಪ ದೂರದಲ್ಲಿ ಇನ್ನೊಬ್ಬರ ತೋಟ ಆಳೆತ್ತರಕ್ಕೆ ಬೆಳೆದು ನಿಂತಿತ್ತು. ಕತ್ತರಿಸದೆ ಬಿಟ್ಟರೆ ಟೀ ಗಿಡ ಮರವೇ ಆಗುತ್ತೆ. ಹಸಿ ಎಲೆಗೆ ಬರುವ ದರ ಕೂಲಿಗೂ ಗೊಬ್ಬರಕ್ಕೂ ಸಾಲದೆ ಕೆಲವರು ಹೀಗೆ ಬಿಟ್ಟಿದ್ದಾರೆ, ಕೆಲವರು ಕ್ಯಾರೆಟ್ಟು, ಬೀನ್ಸಿಗೆ ತಿರುಗಿದ್ದಾರೆ. ಅಣ್ಣ ಇದನ್ನು ಹೇಳುವಾಗ ದನಿ ತಗ್ಗಿತು. ನಾವು ರಸ್ತೆ ಬದಿ ನಿಂತು ಫೋಟೋ ತೆಗೆಯುವ ಆ ಹಸಿರು ಇಳಿಜಾರು ಒಂದೊಂದೂ ಯಾರದೋ ಮನೆ ಲೆಕ್ಕ. ಹೋದವರು ಇದನ್ನೂ ಕೇಳಬೇಕು ಅಂತ ನನಗೆ ತುಂಬಾ ಅನ್ನಿಸುತ್ತೆ.

ಮಧ್ಯಾಹ್ನ ಅವರ ಹಟ್ಟಿಯಲ್ಲೇ ಊಟ, ಮೊದಲೇ ಮಾತಾಡಿ ದುಡ್ಡು ಕೊಟ್ಟು ಮಾಡಿಸಿದ್ದು. ಬಡಗರ ಊರಿಗೆ ಹಟ್ಟಿ ಅಂತಾರೆ, ಸಾಲಾಗಿ ಅಂಟಿಕೊಂಡ ಮನೆಗಳು. ಅಣ್ಣನ ತಾಯಿ ಬಿಳಿ ಬಟ್ಟೆ ಉಟ್ಟು, ತಲೆಗೂ ಬಿಳಿ ಬಟ್ಟೆ ಕಟ್ಟಿದ್ದರು. ತಟ್ಟೆಗೆ ರಾಗಿ ಮುದ್ದೆ ಹಾಕುತ್ತಾ "ಹಿಟ್ಟು" ಅಂದರು. ಅತ್ತೆಯ ಕೈ ಅಲ್ಲೇ ನಿಂತಿತು. ಅತ್ತೆಯ ತವರು ಚಾಮರಾಜನಗರದ ಹತ್ತಿರದ ಹಳ್ಳಿ, ಅಲ್ಲಿ ಯಾರೂ ಮುದ್ದೆ ಅನ್ನೋದಿಲ್ಲ, ಹಿಟ್ಟು ಅಂತಲೇ ಅನ್ನೋದು. ಮೈಸೂರಿಗೆ ಬಂದು ನಲವತ್ತು ವರ್ಷ ಆಯಿತು, ಈಗ ಅವರೂ ಮುದ್ದೆ ಅನ್ನುತ್ತಾರೆ. "ನಿಮ್ಮಲ್ಲೂ ಹಿಟ್ಟೇನಾ ಅಕ್ಕಾ?" ಅಂತ ಕೇಳಿದರು. ಅಲ್ಲಿಂದ ಶುರುವಾದ ಮಾತು ನಿಲ್ಲಲಿಲ್ಲ. ಮನೆ, ನೀರು, ಹಾಲು, ಹಬ್ಬ, ಒಂದೊಂದೇ ಮಾತು ಹೊಂದಿಸಿ ನೋಡಿದರು. ಎಲ್ಲವೂ ತಿಳಿಯುತ್ತಿರಲಿಲ್ಲ, ಅರ್ಧ ಬಡಗ, ಅರ್ಧ ಅತ್ತೆಯ ಹಳ್ಳಿಯ ಕನ್ನಡ, ನಡುವೆ ಕೈಸನ್ನೆ. ಅವರ ದೇವರು ಹೆತ್ತೆ, ಅಂದರೆ ಅಜ್ಜಿ. ಅತ್ತೆ ಅದಕ್ಕೆ, "ಹೆತ್ತವ್ವ ಅಂತೀವಲ್ಲ ನಾವೂ" ಅಂದರು. ಬಡಗ ಅಂದರೆ ಬಡಗಣ ದಿಕ್ಕಿನಿಂದ, ಉತ್ತರದಿಂದ ಬಂದವರು. ಕೆಲವು ಶತಮಾನದ ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದೆವು ಅಂತ ಅವರ ಹಿರಿಯರು ಹೇಳುತ್ತಾರೆ. ನಾನು ಊಟಕ್ಕೆ ಒಂದು ಗಂಟೆ ಅಂತ ಇಟ್ಟಿದ್ದೆ, ಎರಡೂವರೆ ಗಂಟೆ ಕೂತೆವು. ಅವರೆಕಾಳಿನ ಸಾರು ನಾನು ಮೂರು ಸಲ ಹಾಕಿಸಿಕೊಂಡೆ.

ಇಲ್ಲಿ ಒಂದು ವಿಷಯ. ಗೈಡ್ ಅಂದರೆ ದಾರಿ ತೋರಿಸುವವರು, ಮ್ಯಾಪ್ ಇದ್ದರೆ ಸಾಕು ಅಂತ ನಮ್ಮನೆಯವರು ಮೊದಲು ಹೇಳಿದ್ದರು. ಗೈಡ್ ಅಣ್ಣನಿಗೆ ದಿನಕ್ಕೆ ಕೊಟ್ಟಿದ್ದು ನಮ್ಮ ಪೆಟ್ರೋಲ್ ಖರ್ಚಿಗಿಂತ ಕಡಿಮೆ. ಮ್ಯಾಪ್ ನಮ್ಮನ್ನು ಆ ಊಟದ ಮನೆಗೆ ಕರೆದುಕೊಂಡು ಹೋಗುತ್ತಿತ್ತಾ? ಸಂಜೆ ಹೊತ್ತಿಗೆ ನಮ್ಮನೆಯವರೇ ಮುಂದಿನ ವರ್ಷಕ್ಕೆ ದಿನ ಕೇಳುತ್ತಿದ್ದರು.

ನಾಲ್ಕು ಗಂಟೆಗೆ ಕೋಡನಾಡಿಗೆ ಹೊರಟೆವು. ದಾರಿಯಲ್ಲಿ ಒಂದು ತಿರುವಿನಲ್ಲಿ ಅಣ್ಣ ಕೈ ಹಿಡಿದು ಕಾರು ನಿಲ್ಲಿಸಿದರು. ಟೀ ಗಿಡಗಳ ನಡುವೆ ಎರಡು ಕಾಟಿ, ಅಂದರೆ ಕಾಡುಕೋಣ. ಗಿಡ ಸೊಂಟದೆತ್ತರ, ಅದರ ಮೇಲೆ ಬೆನ್ನಿನ ದಿಬ್ಬ ಮಾತ್ರ ಕಪ್ಪಗೆ ಹೊಳೆಯುತ್ತಾ ಇತ್ತು. ಹಿಂದಿದ್ದ ಕಾರಿನವರು ಇಳಿಯಲು ಹೊರಟಾಗ ಅಣ್ಣ ಕಿಟಕಿಯಿಂದಲೇ ಗದರಿ ಕೂರಿಸಿದರು. ತೋಟದಲ್ಲಿ ಓಡಾಡುತ್ತವೆ ಅಂತ ಅವು ಸಾಕಿದ ದನ ಅಲ್ಲ, ಹತ್ತಿರ ಹೋದವರ ಮೇಲೆ ನುಗ್ಗಿರೋದು ಉಂಟು. ಹತ್ತು ನಿಮಿಷ ಎಂಜಿನ್ ಆಫ್ ಮಾಡಿ ಕಾದೆವು. ಅವಾಗಿಯೇ ಕೆಳಗಿಳಿದು ಹೋದವು.

ಕೋಡನಾಡು ವ್ಯೂ ಪಾಯಿಂಟ್‌ನಲ್ಲಿ ಬೆಟ್ಟ ಥಟ್ಟನೆ ಮುಗಿಯುತ್ತೆ. ಕೆಳಗೆ ಮೋಯಾರ್ ಕಣಿವೆ, ತೆಂಗುಮರಹಾಡದ ಹೊಲಗಳು ಹಸಿರು ಚೌಕಗಳ ಹಾಗೆ, ಆಚೆ ಮತ್ತೆ ಬೆಟ್ಟದ ಸಾಲು. ಅತ್ತೆ ಕಂಬಿ ಹಿಡಿದು ನಿಂತು ಕೇಳಿದರು, "ನಮ್ಮೂರು ಯಾವ ಕಡೆ ಬರುತ್ತಪ್ಪ?" ಅಣ್ಣ ಕೈ ಚಾಚಿದರು. ಎದುರಿಗೇ. ಕಣಿವೆ ದಾಟಿ, ಆ ಸಾಲು ದಾಟಿ, ನೇರ ಬಡಗಣಕ್ಕೆ ಚಾಮರಾಜನಗರ.

ಅತ್ತೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಮೊಮ್ಮಗಳನ್ನು ಕರೆದು, ಮುಂದೆ ನಿಲ್ಲಿಸಿಕೊಂಡು, ಅವಳ ಕೈಯನ್ನೂ ಅದೇ ದಿಕ್ಕಿಗೆ ಹಿಡಿದು ತೋರಿಸಿದರು. ಅಷ್ಟರಲ್ಲಿ ಕೆಳಗಿನಿಂದ ಮಂಜು ಎದ್ದು ಬಂತು. ಮಂಜು ಪೂರ್ತಿ ಮುಚ್ಚುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.