ಧ್ರುವದ ಮಂಜುಗಡ್ಡೆಯ ಲೆಕ್ಕ ನೀವೇ ತೆಗೆದು ನೋಡಿ

ಉತ್ತರ ಧ್ರುವದ ಮಂಜುಗಡ್ಡೆ ಕರಗುತ್ತಿದೆ ಎಂದು ಓದುತ್ತೇವೆ, ಮಕ್ಕಳಿಗೂ ಹೇಳುತ್ತೇವೆ. ಆ ಮಾತಿನ ಹಿಂದಿರುವ ಅಂಕಿಗಳನ್ನು ಕಣ್ಣಾರೆ ಕಂಡವರು ಕಡಿಮೆ. ನೋಡಲು ವಿಜ್ಞಾನಿಯೇ ಆಗಬೇಕಿಲ್ಲ. ಒಂದು ಕಂಪ್ಯೂಟರ್, ಇಂಟರ್‌ನೆಟ್, ಒಂದು ಮಧ್ಯಾಹ್ನದ ಬಿಡುವು ಸಾಕು.

ಮೊದಲು ಕಡತ. ಅಮೆರಿಕದ ಬೋಲ್ಡರ್ ನಗರದಲ್ಲಿರುವ ಎನ್‌ಎಸ್‌ಐಡಿಸಿ ಎಂಬ ದತ್ತಾಂಶ ಕೇಂದ್ರದ ಜಾಲತಾಣಕ್ಕೆ ಹೋಗಿ ‘ಸೀ ಐಸ್ ಇಂಡೆಕ್ಸ್’ ಎಂದು ಹುಡುಕಿ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಫೋಲ್ಡರ್ ಇದೆ. ಉತ್ತರದ್ದರಲ್ಲಿ ದಿನವಾರು ಲೆಕ್ಕದ ಸಿಎಸ್‌ವಿ ಕಡತವನ್ನು ಇಳಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಮೂಲ ಕಡತವನ್ನು ಹಾಗೆಯೇ ಇಟ್ಟು, ಅದರ ಪ್ರತಿಯ ಮೇಲೆ ಕೆಲಸ ಮಾಡಿ.

ಎಕ್ಸೆಲ್‌ನಲ್ಲಿ ತೆರೆದ ಕೂಡಲೇ ಗ್ರಾಫ್‌ಗೆ ಕೈಹಾಕಬೇಡಿ. ಎರಡನೇ ಸಾಲು ನೋಡಿ: ಅಲ್ಲಿರುವುದು ಅಂಕಿಯಲ್ಲ, ಅಳತೆಯ ಮಾನ. ಅದನ್ನು ಓದಿಕೊಂಡು ಅಳಿಸಿ. ‘ಎಕ್ಸ್‌ಟೆಂಟ್’ ಎಂದರೆ ಮಂಜುಗಡ್ಡೆಯ ಹರವು, ಅದರ ಮಾನ 10 ಲಕ್ಷ ಚದರ ಕಿ.ಮೀ. ಆ ಕಾಲಂನಲ್ಲಿ 10.2 ಎಂದಿದ್ದರೆ 1 ಕೋಟಿ 2 ಲಕ್ಷ ಚದರ ಕಿ.ಮೀ. ಎಂದರ್ಥ. ಸಮುದ್ರವನ್ನು ಚೌಕಗಳಾಗಿ ಹಂಚಿ, ಕನಿಷ್ಠ ಶೇ 15ರಷ್ಟು ಮಂಜುಗಡ್ಡೆ ಇರುವ ಚೌಕವನ್ನು ಪೂರ್ತಿ ಎಣಿಕೆಗೆ ಹಿಡಿಯುತ್ತಾರೆ. ಅಳೆಯುವುದು ಉಪಗ್ರಹದ ಮೈಕ್ರೋವೇವ್ ಉಪಕರಣ. ಆರು ತಿಂಗಳ ಕತ್ತಲಾಗಲಿ, ಮೋಡವಾಗಲಿ ಅದಕ್ಕೆ ಅಡ್ಡಿಯಿಲ್ಲ. ಮಂಜುಗಡ್ಡೆ ಎಷ್ಟು ದಪ್ಪ ಎಂಬುದನ್ನು ಮಾತ್ರ ಈ ಅಂಕಿ ಹೇಳುವುದಿಲ್ಲ.

ಲೆಕ್ಕ ಶುರುವಾಗುವುದು 1978ರ ಅಕ್ಟೋಬರ್ 26ರಿಂದ. 1987ರ ಮಧ್ಯದವರೆಗೆ ದಿನ ಬಿಟ್ಟು ದಿನದ ಅಳತೆ. 1987ರ ಡಿಸೆಂಬರ್‌ನಿಂದ ಮುಂದಿನ ಜನವರಿಯ ಮಧ್ಯದವರೆಗೆ ಅಳತೆಯೇ ಇಲ್ಲ. ಅಲ್ಲಿ ಸೊನ್ನೆ ತುಂಬಬೇಡಿ. ಅಳತೆ ಇಲ್ಲದಿರುವುದು ಬೇರೆ, ಮಂಜುಗಡ್ಡೆ ಇಲ್ಲದಿರುವುದು ಬೇರೆ.

ಈಗ ಫಿಲ್ಟರ್ ಹಾಕಿ ಸೆಪ್ಟೆಂಬರ್ ಸಾಲುಗಳನ್ನಷ್ಟೇ ಉಳಿಸಿಕೊಳ್ಳಿ. ಬೇಸಿಗೆ ಮುಗಿದು ಮಂಜುಗಡ್ಡೆ ತೀರಾ ಇಳಿಯುವುದು ಆಗಲೇ. ಪ್ರತಿ ವರ್ಷದ ಅತಿ ಕಡಿಮೆ ಅಂಕಿಯನ್ನು ಬೇರೆ ಹಾಳೆಗೆ ಬರೆದುಕೊಳ್ಳಿ. 1980ರಲ್ಲಿ ಅದು 75 ಲಕ್ಷ ಚದರ ಕಿ.ಮೀ.ಗೂ ಮೇಲೆ, 2012ರಲ್ಲಿ ಸುಮಾರು 34 ಲಕ್ಷ. ನಡುವಿನ ವ್ಯತ್ಯಾಸದಲ್ಲಿ ಇಡೀ ಭಾರತವನ್ನು ಇಟ್ಟರೂ ಜಾಗ ಮಿಗುತ್ತದೆ. ಈ ಅಂಕಿಯನ್ನು ನಿಮ್ಮ ಕೈಯಾರೆ ಹುಡುಕಿ ತೆಗೆದಾಗ ಅದು ಮನಸ್ಸಿಗೆ ನಾಟುವ ಬಗೆಯೇ ಬೇರೆ.

ಆದರೆ 2013ರಲ್ಲಿ ಅದು ಮತ್ತೆ 50 ಲಕ್ಷಕ್ಕೇರಿತು. ಹಾಗೆಂದು ಕರಗುವುದು ನಿಂತಿತು ಎನ್ನಲಾಗದು. ಎರಡು ವರ್ಷ ಹೋಲಿಸಿ ತೀರ್ಮಾನಕ್ಕೆ ಬರದೆ, ಎಲ್ಲ ವರ್ಷಗಳ ಗ್ರಾಫ್‌ಗೆ ಟ್ರೆಂಡ್‌ಲೈನ್ (ಒಟ್ಟಾರೆ ದಿಕ್ಕು ತೋರಿಸುವ ಗೆರೆ) ಎಳೆಯಿರಿ, ಇಳಿಜಾರು ಕಾಣುತ್ತದೆ. ದಕ್ಷಿಣದ ಕಡತದ ಕಥೆ ಇಷ್ಟು ನೇರವಲ್ಲ: 2014ರ ಚಳಿಗಾಲದಲ್ಲಿ 2 ಕೋಟಿ ದಾಟಿದ್ದ ಮಂಜುಗಡ್ಡೆ 2023ರ ಚಳಿಗಾಲದಲ್ಲಿ 1 ಕೋಟಿ 70 ಲಕ್ಷವನ್ನೂ ಮುಟ್ಟಲಿಲ್ಲ.

ದಕ್ಷಿಣ ಧ್ರುವದ ಲೆಕ್ಕ ಎಲ್ಲರ ಕೈಗೆ ಸಿಗಬೇಕು ಎಂಬ ಹಳೆಯದೊಂದು ಮಾತು ಇದೆ. 1959ರ ಅಂಟಾರ್ಕ್ಟಿಕ್ ಒಪ್ಪಂದದ ಮೂರನೇ ವಿಧಿ, ಅಲ್ಲಿನ ವೈಜ್ಞಾನಿಕ ಅವಲೋಕನಗಳನ್ನು ದೇಶಗಳು ಹಂಚಿಕೊಂಡು ಮುಕ್ತವಾಗಿ ಸಿಗುವಂತೆ ಮಾಡಬೇಕು ಎನ್ನುತ್ತದೆ. ಶೀತಲ ಸಮರದ ನಡುವೆ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಸಹಿ ಹಾಕಿದ ಮಾತಿದು. 1983ರಲ್ಲಿ ಭಾರತವೂ ಸೇರಿತು. ಅಂಟಾರ್ಕ್ಟಿಕಾದಲ್ಲಿರುವ ಭಾರತದ ಮೈತ್ರಿ, ಭಾರತಿ ನೆಲೆಗಳ ಸಂಶೋಧನೆಯ ದತ್ತಾಂಶ ಬೇಕಾದವರು ಗೋವಾದ ಧ್ರುವ ಸಂಶೋಧನಾ ಸಂಸ್ಥೆ ಎನ್‌ಸಿಪಿಒಆರ್ ನಡೆಸುವ ರಾಷ್ಟ್ರೀಯ ಧ್ರುವೀಯ ದತ್ತಾಂಶ ಕೇಂದ್ರದಲ್ಲಿ ಹುಡುಕಬಹುದು.

ಗ್ರಾಫ್ ಯಾರಿಗಾದರೂ ಕಳಿಸುವ ಮುನ್ನ ಅದರ ಕೆಳಗೆ ಮೂರು ಸಂಗತಿ ಬರೆಯಿರಿ: ಕೇಂದ್ರದ ಹೆಸರು, ಕಡತದ ಆವೃತ್ತಿ, ಇಳಿಸಿಕೊಂಡ ದಿನಾಂಕ. ಹೊಸ ಅಂಕಿಗಳು ಆಮೇಲೆ ತಿದ್ದುಪಡಿಯಾಗುವುದುಂಟು. ಜೊತೆಗೆ ನಿಮ್ಮ ಎಕ್ಸೆಲ್ ಹಾಳೆಯನ್ನೂ ಕಳಿಸಿ. ನಿಮ್ಮ ಲೆಕ್ಕವನ್ನು ಅವರೂ ತಾಳೆ ನೋಡಲಿ.