11 ಸೈಟು, 14 ತಿಂಗಳು, ಒಂದೂ ಮೇಲ್ ಕಳೆದಿಲ್ಲ: ಕಾಂಟ್ಯಾಕ್ಟ್ ಫಾರ್ಮ್ ಜೊತೆ ನನ್ನ ಅನುಭವ

ಹೋದ ವಾರ ರಾತ್ರಿ 11 ದಾಟಿದ ಮೇಲೆ ಮುಲುಂಡಿನ ಕೇಟರಿಂಗ್ ಅಣ್ಣ ಫೋನ್ ಮಾಡಿದರು. "ಮಾರಾಯ, ಈಗಷ್ಟೇ ಒಬ್ಬರು ಫಾರ್ಮ್ ತುಂಬಿಸಿದ್ರು. ನಾನು ತಿರುಗಿ ಫೋನ್ ಮಾಡುವಾಗ ಅವರು ಇನ್ನೂ ನಮ್ಮ ಮೆನು ನೋಡ್ತಾ ಇದ್ರು. ಮದುವೆ, 350 ಪ್ಲೇಟು. ನಾಳೆ ಅಡ್ವಾನ್ಸ್ ಕೊಡ್ತಾರಂತೆ." ಇದೇ ಅಣ್ಣ 2022ರಲ್ಲಿ ನನ್ನನ್ನು ಎದುರು ಕೂರಿಸಿಕೊಂಡು, "ನಿನ್ನ ವೆಬ್‌ಸೈಟಿಗೆ 18 ಸಾವಿರ ಕೊಟ್ಟೆ, ಒಂದು ಆರ್ಡರ್ ಬರಲಿಲ್ಲ" ಅಂದಿದ್ದರು. ಆ ಮಾತು ನನಗೆ ಬಹಳ ದಿನ ಚುಚ್ಚುತ್ತಿತ್ತು. ಅಲ್ಲಿಂದ ಇಲ್ಲಿಗೆ ಹೇಗೆ ಬಂದೆ ಅಂತ ಬರೆಯುತ್ತಿದ್ದೇನೆ.

ನಾನು ಡೊಂಬಿವಲಿಯಲ್ಲಿ ಕೂತು ನಮ್ಮವರ ಸಣ್ಣ ವ್ಯಾಪಾರಗಳಿಗೆ ಸೈಟ್ ಮಾಡಿಕೊಡುತ್ತೇನೆ. ಕೇಟರಿಂಗ್, ಹೋಟೆಲ್, ವಾಶಿ ಮಾರ್ಕೆಟ್ಟಿನ ಟ್ರಾನ್ಸ್‌ಪೋರ್ಟ್, ಭಿವಂಡಿ ಕಡೆ ಒಂದೆರಡು ಗಾಲಾ, ಅಂದರೆ ಗೋದಾಮಿನಂಥ ಮಳಿಗೆ. ಇವರಿಗೆ ಸೈಟ್ ಅಂದರೆ ಫೋಟೋ ಅಲ್ಲ, ಎನ್‌ಕ್ವೈರಿ. ಫಾರ್ಮ್ ಕೆಲಸ ಮಾಡದಿದ್ದರೆ ಉಳಿದದ್ದೆಲ್ಲ ದಂಡ.

ಅಣ್ಣನ ಮೊದಲ ಫಾರ್ಮ್ ಸೈಟ್ ಮಾಡುವವರೆಲ್ಲ ಮಾಡಿರುವಂಥದ್ದೇ. ಪಿಎಚ್‌ಪಿಯ ಮೇಲ್ ಫಂಕ್ಷನ್, ತುಂಬಿಸಿದ್ದನ್ನು ಮೇಲ್ ಮಾಡುವ ಐದಾರು ಸಾಲು ಕೋಡ್. ಅದು ಟ್ರೂ (ಆಯಿತು) ಅಂದರೆ ಧನ್ಯವಾದದ ಪೇಜ್. ನನ್ನ ಜಿಮೇಲ್ ವಿಳಾಸ ಹಾಕಿ ಟೆಸ್ಟ್ ಮಾಡಿದೆ, ತಕ್ಷಣ ಬಂತು. ಆಮೇಲೆ ಅಣ್ಣನ ಡೊಮೈನ್ (ಸೈಟಿನ ಹೆಸರು) ಇರುವ ವಿಳಾಸಕ್ಕೆ ಬದಲಾಯಿಸಿ ಹಣ ತೆಗೆದುಕೊಂಡು ಬಂದೆ. ಅಲ್ಲೇ ತಪ್ಪಿದ್ದು. ಆ ಟ್ರೂಗೆ ಇರೋದು ಒಂದೇ ಅರ್ಥ: ಸರ್ವರ್ ಕಾಗದ ಕೈಗೆ ತೆಗೆದುಕೊಂಡಿದೆ. ಬಿಲ್ಡಿಂಗ್ ವಾಚ್‌ಮನ್ ಕೈಗೆ ಕೊಟ್ಟ ಹಾಗೆ. ಮೇಲಿನ ಮನೆಗೆ ತಲುಪಿತಾ ಅಂತ ಅವನು ಹೇಳೋದಿಲ್ಲ.

ಮೂರು ತಿಂಗಳು ಒಂದೂ ಎನ್‌ಕ್ವೈರಿ ಇಲ್ಲ. ಜನ ಬರುತ್ತಿಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ಒಂದು ದಿನ ಸುಮ್ನೆ, ಸೈಟ್ ಇರುವ ಸರ್ವರನ್ನು ನಿಭಾಯಿಸುವ ಹೋಸ್ಟಿಂಗ್ ಪ್ಯಾನೆಲ್ಲಿನ ಮೇಲ್‌ಬಾಕ್ಸ್ ತೆರೆದೆ. ಒಳಗೆ 37 ಮೇಲ್! ಎಲ್ಲವೂ ಫಾರ್ಮಿನಿಂದ ಬಂದದ್ದು. ಅಣ್ಣನ ಮೇಲ್ ಇದ್ದದ್ದು ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಕೂಡ ಅಲ್ಲಿಗೇ ತೋರಿಸುತ್ತಿತ್ತು. ಆದರೆ ಪ್ಯಾನೆಲ್ಲಿನ ಒಂದು ಮೂಲೆಯಲ್ಲಿ ಇಮೇಲ್ ರೂಟಿಂಗ್ ಅಂತ ಇರುತ್ತದಲ್ಲ, ಅದು ಲೋಕಲ್ ಅಂತ ಇತ್ತು. ಈ ಡೊಮೈನ್ ನನ್ನದೇ ಅಂದುಕೊಂಡ ಸರ್ವರ್ ಹೊರಗಿನ ಎಂಎಕ್ಸ್ ನೋಡುವ ಗೋಜಿಗೇ ಹೋಗಿಲ್ಲ. ಎಲ್ಲವನ್ನೂ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ. ನನ್ನ ಟೆಸ್ಟ್ ಯಾಕೆ ಪಾಸಾಯಿತು ಅಂದರೆ ಜಿಮೇಲ್ ಅದಕ್ಕೆ ಹೊರಗಿನ ವಿಳಾಸ. ರಿಮೋಟ್ ಅಂತ ಬದಲಾಯಿಸಿದೆ, ಎರಡು ಕ್ಲಿಕ್ ಕೆಲಸ.

ಆ 37ರಲ್ಲಿ ಒಂದು 400 ಪ್ಲೇಟಿನ ಉಪನಯನ. ಆಗ ಅಣ್ಣನ ರೇಟು ಪ್ಲೇಟಿಗೆ ಸುಮಾರು 450. ಅವರು ಬೈಯಲಿಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ 1,80,000 ಅಂತ ನನಗೆ ತೋರಿಸಿದರು, ಅಷ್ಟೇ. ನಾನು 5 ಸಾವಿರ ವಾಪಸ್ ಕೊಟ್ಟೆ. ಈಗ ಯಾವ ಸೈಟ್ ಆದರೂ ಕಸ್ಟಮರ್ ನಿಜವಾಗಿ ಓದುವ ವಿಳಾಸಕ್ಕೇ ಟೆಸ್ಟ್ ಕಳಿಸುತ್ತೇನೆ. ಅವರ ಫೋನಿನಲ್ಲಿ ಕಣ್ಣಾರೆ ನೋಡುವ ತನಕ ಹಣ ಮುಟ್ಟುವುದಿಲ್ಲ.

ಇಷ್ಟಾದ ಮೇಲೆ ಮೇಲ್ ಹೊರಟಿತು, ಆದರೆ ಅರ್ಧಕ್ಕರ್ಧ ಸ್ಪ್ಯಾಮಿಗೆ. ಇದು ಪೂರ್ತಿ ನನ್ನದೇ ತಪ್ಪು. ಫಾರ್ಮ್ ತುಂಬಿಸಿದವರ ವಿಳಾಸವನ್ನೇ ಫ್ರಮ್ (ಕಳಿಸಿದವರು) ಖಾನೆಯಲ್ಲಿ ಹಾಕಿದ್ದೆ, ಅಣ್ಣ ರಿಪ್ಲೈ ಒತ್ತಿದರೆ ಸೀದಾ ಅವರಿಗೇ ಹೋಗಲಿ ಅಂತ. ಆದರೆ ಯಾರದೋ ಯಾಹೂ ವಿಳಾಸ ಹೇಳಿಕೊಂಡು ನನ್ನ ಸರ್ವರ್ ಮೇಲ್ ಕಳಿಸಿದರೆ ಅದು ಬೇರೆಯವರ ಸಹಿ ಹಾಕಿದ ಹಾಗೆ. ಯಾಹೂ 2014ರ ಏಪ್ರಿಲ್‌ನಲ್ಲೇ ತನ್ನ ಡಿಮಾರ್ಕ್ ಪಾಲಿಸಿಯನ್ನು (ತನ್ನ ಹೆಸರಲ್ಲಿ ಬೇರೆಯವರು ಕಳಿಸಿದ ಮೇಲನ್ನು ಏನು ಮಾಡಬೇಕು ಅನ್ನುವ ನಿಯಮ) ರಿಜೆಕ್ಟ್ ಅಂತ ಇಟ್ಟಿತ್ತು. ಅಂದರೆ ಅಂಥ ಮೇಲ್ ಬಾಗಿಲಲ್ಲೇ ಔಟ್. ಫ್ರಮ್ ಯಾವಾಗಲೂ ಸೈಟಿನ ಸ್ವಂತ ಡೊಮೈನ್ ಆಗಿರಬೇಕು, ಬಂದವರ ವಿಳಾಸ ರಿಪ್ಲೈ-ಟು ಖಾನೆಗೆ ಹೋಗಬೇಕು. ಈ ಒಂದು ಬದಲಾವಣೆಯಿಂದಲೇ ಮುಕ್ಕಾಲು ಪಾಲು ಸರಿಹೋಯಿತು. ಜಿಮೇಲ್‌ನಲ್ಲಿ ಶೋ ಒರಿಜಿನಲ್ ಒತ್ತಿ ಎಸ್‌ಪಿಎಫ್ (ಈ ಡೊಮೈನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಪಟ್ಟಿ), ಡಿಕೆಐಎಂ (ಮೇಲಿಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ ಮೂರರ ಮುಂದೆಯೂ ಪಾಸ್ ಅಂತ ಬರುವ ತನಕ ನಾನು ಏಳುವುದಿಲ್ಲ.

ಎಸ್‌ಪಿಎಫ್ ಎರಡು ಸಂಜೆ ತಿಂದಿತು. ಪ್ಯಾನೆಲ್ ತಾನಾಗಿಯೇ ಒಂದು ರೆಕಾರ್ಡ್ ಹಾಕಿತ್ತು, ನಾನು ಗೂಗಲ್‌ನದ್ದು ಅಂತ ಇನ್ನೊಂದು ಸೇರಿಸಿದೆ. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ, ಪರ್ಮ್‌ಎರರ್, ಅಂದರೆ ರೆಕಾರ್ಡೇ ತಪ್ಪು. ಒಂದೇ ಸಾಲಿನಲ್ಲಿ ಎಲ್ಲ ಇನ್‌ಕ್ಲೂಡ್ (ಕಳಿಸುವ ಸರ್ವಿಸ್‌ಗಳ ಹೆಸರು) ಬರೆಯಬೇಕು, ಡಿಎನ್‌ಎಸ್ (ಇಂಟರ್ನೆಟ್ಟಿನ ವಿಳಾಸ ಪುಸ್ತಕ) ಹುಡುಕಾಟ ಒಟ್ಟು 10 ದಾಟಬಾರದು. ಡಿಕೆಐಎಂನಲ್ಲಿ 2048 ಬಿಟ್ಟಿನ ಕೀ 255 ಅಕ್ಷರಕ್ಕಿಂತ ಉದ್ದ. ಅದನ್ನು ಬರೆಯುವ ಟಿಎಕ್ಸ್‌ಟಿ ರೆಕಾರ್ಡಿನಲ್ಲಿ ಒಂದು ತುಂಡಿಗೆ 255 ಮಾತ್ರ, ಹಾಗಾಗಿ ಒಡೆದು ಹಾಕಬೇಕು. ನಾನು ಬಳಸುತ್ತಿದ್ದ ಪ್ಯಾನೆಲ್ ಹೇಳದೆ ಕೇಳದೆ ಬಾಲ ಕತ್ತರಿಸಿ ಇಟ್ಟುಕೊಂಡಿತ್ತು. ಸೇವ್ ಮಾಡಿದ ಮೇಲೆ ಹೊರಗಿನಿಂದ ಡಿಗ್ (ರೆಕಾರ್ಡ್ ತೋರಿಸುವ ಕಮಾಂಡ್) ಮಾಡಿ ಕೊನೆಯ ಹತ್ತು ಅಕ್ಷರ ಹೊಂದಿಸಿ ನೋಡಿ, ತಲೆನೋವು ತಪ್ಪುತ್ತದೆ.

ಆದರೂ ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರಿನಲ್ಲಿ ಹಲವರ ಸೈಟ್) ಅಂದರೆ ಚಾಳಿನಲ್ಲಿ ಎಲ್ಲರಿಗೂ ಸೇರಿದ ಒಂದು ನಲ್ಲಿ ಇದ್ದ ಹಾಗೆ. ಅದೇ ಐಪಿಯಲ್ಲಿ (ಸರ್ವರಿನ ನಂಬರ್) ಪಕ್ಕದ ಸೈಟಿನವನು ಸ್ಪ್ಯಾಮ್ ಬಿಟ್ಟರೆ ನಮ್ಮ ಮೇಲ್ ಕೂಡ ನಿಲ್ಲುತ್ತದೆ. ಆಗ ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ನನ್ನ ಧಾರವಾಡದ ಗೆಳೆಯ ಅಂದ: "ಅಲ್ಲೋ, ಈಗ ಯಾರು ಪಿಎಚ್‌ಪಿ ಬರೀತಾರ? ತಿಂಗಳಿಗೆ 20 ಡಾಲರ್ ಒಗಿ, ಫಾರ್ಮ್ ಸರ್ವಿಸ್ ತಗೊ, ಆರಾಮ ಇರು." ಒಂದು ಸೈಟಿಗೆ ಸರಿ. 11 ಸೈಟಿಗೆ? ನನ್ನ ಕಸ್ಟಮರ್ ವರ್ಷಕ್ಕೆ ಒಂದು ಸಲ 3 ಸಾವಿರ ಕೊಡೋದಕ್ಕೇ ದೀಪಾವಳಿ ತನಕ ಎಳೆಯುತ್ತಾರೆ. ಅವರ ಹತ್ತಿರ ಡಾಲರ್ ಮಾತು ಆಡುವ ಹಾಗಿಲ್ಲ.

ಸರಿ, ಸ್ವಂತ ಮೇಲ್ ಸರ್ವರ್ ಹಾಕುತ್ತೇನೆ ಅಂತ ತಿಂಗಳಿಗೆ 400 ರೂಪಾಯಿಯ ವಿಪಿಎಸ್ (ಬಾಡಿಗೆ ಸರ್ವರ್) ತೆಗೆದುಕೊಂಡು ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸಾಫ್ಟ್‌ವೇರ್ ಕೂರಿಸಿದೆ. ಸರ್ವರಿನಿಂದ ಸರ್ವರಿಗೆ ಮೇಲ್ ಹೋಗುವ 25ನೇ ಪೋರ್ಟ್ ಹೊರಗೆ ಹೋಗಲು ಬಂದ್. ಟಿಕೆಟ್ ಹಾಕಿ ತೆರೆಸುವುದಕ್ಕೆ 9 ದಿನ. ತೆರೆದ ಮೇಲೆ ನೋಡಿದರೆ ಆ ಐಪಿಯನ್ನು ಹಿಂದೆ ಇಟ್ಟುಕೊಂಡಿದ್ದವರು ಹೆಸರು ಕೆಡಿಸಿದ್ದರು, ಎರಡು ಬ್ಲಾಕ್‌ಲಿಸ್ಟ್‌ನಲ್ಲಿತ್ತು. ಮೂರು ತಿಂಗಳು ಗುದ್ದಾಡಿ ಬಿಟ್ಟೆ. ಹಣ 1,200 ಹೋಯಿತು, ಅದಕ್ಕಿಂತ ಜಾಸ್ತಿ ನಿದ್ದೆ ಹೋಯಿತು. ಪೋಸ್ಟ್‌ಫಿಕ್ಸ್ ಮಾತ್ರ ಚೆನ್ನಾಗಿ ಕಲಿತೆ.

ಆಮೇಲೆ ಪಿಎಚ್‌ಪಿಮೇಲರ್ ಅನ್ನುವ ರೆಡಿ ಕೋಡ್, ಅಣ್ಣನ ಅಕೌಂಟಿನಿಂದ ಜಿಮೇಲ್ ಎಸ್‌ಎಂಟಿಪಿ (ಮೇಲ್ ಕಳಿಸುವ ಸರ್ವರ್), 587ನೇ ಪೋರ್ಟ್, ಆ್ಯಪ್ ಪಾಸ್‌ವರ್ಡ್ (ಪ್ರೋಗ್ರಾಂಗೆ ಕೊಡುವ ಬೇರೆ ಪಾಸ್‌ವರ್ಡ್). ಎರಡು ಹಂತದ ವೆರಿಫಿಕೇಶನ್ ಆನ್ ಮಾಡಿ 16 ಅಕ್ಷರದ ಪಾಸ್‌ವರ್ಡ್ ತೆಗೆದೆ. ಐದು ತಿಂಗಳು ಬಂಗಾರದಂತೆ ನಡೆಯಿತು. ಒಂದು ಶನಿವಾರ ನಿಂತುಹೋಯಿತು. ನನಗೆ ಗೊತ್ತಾದದ್ದು ಬುಧವಾರ. ಆಗಿದ್ದೇನು ಅಂದರೆ, ಅಣ್ಣನ ಮಗ ಗೂಗಲ್ ಅಕೌಂಟಿನ ಪಾಸ್‌ವರ್ಡ್ ಬದಲಾಯಿಸಿದ್ದ. ಹಾಗೆ ಬದಲಾಯಿಸಿದರೆ ಹಳೆಯ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಹುಡುಗ ಮಾಡಿದ್ದು ಸರಿಯಾದ ಕೆಲಸವೇ. ನನ್ನ ಕೋಡ್ ಮಾತ್ರ ಸೋತಾಗ ಸುಮ್ಮನೆ ಕೂತಿತ್ತು. ನಾಲ್ಕು ದಿನದ ಎನ್‌ಕ್ವೈರಿ ಎಲ್ಲೂ ಉಳಿದಿರಲಿಲ್ಲ.

ಆ ಬುಧವಾರ ರಾತ್ರಿ ಮುಲುಂಡಿನಿಂದ ಲೋಕಲ್‌ನಲ್ಲಿ ವಾಪಸ್ ಬರುವಾಗ ಠಾಣೆ ದಾಟಿದ ಮೇಲೆ ನನಗೆ ಹೊಳೆಯಿತು. ಇಷ್ಟು ದಿನ ನಾನು ಮೇಲನ್ನೇ ಎನ್‌ಕ್ವೈರಿ ಅಂದುಕೊಂಡಿದ್ದೆ. ಅಲ್ಲ, ಮೇಲ್ ಬರೀ ಸುದ್ದಿ. ಎನ್‌ಕ್ವೈರಿ ಮೊದಲು ನಮ್ಮ ಮನೆಯೊಳಗೆ ಬಂದು ಕೂರಬೇಕು, ಸುದ್ದಿ ಆಮೇಲೆ ಹೋಗಲಿ.

ಈಗ ಫಾರ್ಮ್ ಬಂದ ತಕ್ಷಣ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಟೇಬಲ್‌ಗೆ ಒಂದು ಸಾಲು ಬೀಳುತ್ತದೆ, ಸ್ಥಿತಿ ಬಾಕಿ. ಅಷ್ಟಾದ ಮೇಲೆ ತುಂಬಿಸಿದವರಿಗೆ ಧನ್ಯವಾದದ ಪೇಜ್, ಅದೂ ರೀಡೈರೆಕ್ಟ್ ಮಾಡಿ (ಬೇರೆ ವಿಳಾಸಕ್ಕೆ ಕಳಿಸಿ). ಇಲ್ಲದಿದ್ದರೆ ರಿಫ್ರೆಶ್ ಒತ್ತಿದವರ ಎನ್‌ಕ್ವೈರಿ ಎರಡೆರಡು ಸಲ ಬರುತ್ತದೆ. ಮೇಲ್ ಕಳಿಸುವ ಕೋಡ್ ಬೇರೆಯೇ ಫೈಲ್. ಕ್ರಾನ್ (ಹೊತ್ತು ನೋಡಿ ಕೆಲಸ ಓಡಿಸುವ ಸರ್ವರಿನ ಅಲಾರಂ) ನಿಮಿಷಕ್ಕೊಂದು ಸಲ ಅದನ್ನು ಎಬ್ಬಿಸುತ್ತದೆ, ಬಾಕಿ ಇದ್ದದ್ದನ್ನು ಕಳಿಸಿ ಹೋಯಿತು ಅಂತ ಗುರುತು ಹಾಕುತ್ತದೆ. ಹೋಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಇನ್ನೂ ಜಾಸ್ತಿ ಬಿಟ್ಟು ಮತ್ತೆ. ಐದು ಸಲ ಸೋತರೆ ನನ್ನ ಟೆಲಿಗ್ರಾಮ್‌ಗೆ ಕೂಗು ಬರುತ್ತದೆ. ಹಿಂದಿನ ಓಟ ಮುಗಿಯದೆ ಮುಂದಿನದು ಶುರುವಾದರೆ ಒಂದೇ ಮೇಲ್ ಎರಡು ಸಲ ಹೋಗುತ್ತದೆ. ಅದಕ್ಕೆ ಒಂದು ಬೀಗ ಇಟ್ಟಿದ್ದೇನೆ. ಹೇಗೆ ಅಂತ ನೀವೇ ಯೋಚಿಸಿ, ಕಷ್ಟ ಇಲ್ಲ.

ಕಳಿಸುವುದಕ್ಕೆ ಅಮೆಜಾನಿನ ಮೇಲ್ ಸರ್ವಿಸ್ ಎಸ್‌ಇಎಸ್, ಮುಂಬಯಿ ರೀಜನ್. ಹೊಸ ಅಕೌಂಟನ್ನು ಮೊದಲು ಸ್ಯಾಂಡ್‌ಬಾಕ್ಸ್‌ನಲ್ಲಿ (ಪರೀಕ್ಷೆಯ ಹಂತ) ಇಡುತ್ತಾರೆ, ವೆರಿಫೈ ಮಾಡಿದ ವಿಳಾಸಕ್ಕೆ ಮಾತ್ರ ಹೋಗುತ್ತದೆ. ಹೊರಬರಲು ಯಾಕೆ ಬೇಕು, ಎಷ್ಟು ಮೇಲ್ ಅಂತ ಬರೆದು ಕೇಳಬೇಕು. ನಾನು ಇದ್ದದ್ದು ಇದ್ದ ಹಾಗೆ ಬರೆದೆ, ಕೊಟ್ಟರು. ರೇಟು 1,000 ಮೇಲಿಗೆ 10 ಸೆಂಟ್. ನನ್ನ 11 ಸೈಟೂ ಸೇರಿ ತಿಂಗಳಿಗೆ ಸುಮಾರು 1,500 ಮೇಲ್. ಬಿಲ್ಲು ಒಂದು ಕಟಿಂಗ್ ಚಹಾದಷ್ಟು. ಗೆಳೆಯ ಹೇಳಿದ ಲೆಕ್ಕ 11 ಸೈಟಿಗೆ 220 ಡಾಲರ್!

ತಾವಾಗಿಯೇ ಫಾರ್ಮ್ ತುಂಬಿಸುವ ಪ್ರೋಗ್ರಾಂಗಳು, ಅಂದರೆ ಸ್ಪ್ಯಾಮ್ ಬಾಟ್‌ಗಳ ಕಥೆ ಬೇರೆ. ಒಂದು ರಾತ್ರಿ ಠಾಣೆಯ ಹೋಟೆಲ್ ಸೈಟಿಗೆ 300ಕ್ಕೂ ಜಾಸ್ತಿ ಬಂದವು. ಮೊದಲು ಚಿತ್ರ ಗುರುತಿಸುವ ಕ್ಯಾಪ್ಚಾ ಹಾಕಿದೆ. ಬಾಟ್ ನಿಂತವು, ಜೊತೆಗೆ ಜನರೂ ನಿಂತರು. ವಯಸ್ಸಾದವರು ಮೊಬೈಲಿನಲ್ಲಿ ಬಸ್ಸು ಎಲ್ಲಿ, ಸಿಗ್ನಲ್ ಎಲ್ಲಿ ಅಂತ ಹುಡುಕುತ್ತಾ ಕೂರುತ್ತಾರಾ? ವಾರದ ಎನ್‌ಕ್ವೈರಿ ಇಪ್ಪತ್ತರಿಂದ ಹನ್ನೆರಡಕ್ಕೆ ಇಳಿಯಿತು. ತೆಗೆದು ಹಾಕಿದೆ. ಈಗ ಕಣ್ಣಿಗೆ ಕಾಣದ ಒಂದು ಖಾನೆ ಇದೆ, ಅದನ್ನು ತುಂಬಿಸಿದವರು ಬಾಟ್. ಅದರಲ್ಲಿ ಆಟೋಕಂಪ್ಲೀಟ್ ಆಫ್ ಮಾಡಿ, ಇಲ್ಲದಿದ್ದರೆ ಬ್ರೌಸರ್ರೇ ತುಂಬಿಸಿ ಒಳ್ಳೆಯ ಕಸ್ಟಮರ್ ಸಿಕ್ಕಿಬೀಳುತ್ತಾರೆ. ಇನ್ನೊಂದು, ಪೇಜ್ ತೆರೆದು ಎಷ್ಟು ಸೆಕೆಂಡಿನಲ್ಲಿ ಫಾರ್ಮ್ ಬಂತು ಅನ್ನುವ ಲೆಕ್ಕ. ಖಾನೆಗೆ ನಾನಿಟ್ಟ ಹೆಸರು, ಸೆಕೆಂಡಿನ ಮಿತಿ, ಮತ್ತೆ ಮೂರನೆಯ ಒಂದು ಪರೀಕ್ಷೆ, ಇವನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅವು ಕೆಲಸ ಮಾಡುವುದಿಲ್ಲ.

ಇಮೇಲ್ ಖಾನೆಯಲ್ಲಿ ಹೊಸ ಸಾಲು ಸೇರಿಸಿ ಕೆಳಗೆ ಬಿಸಿಸಿ ಬರೆದು ನಮ್ಮ ಫಾರ್ಮಿನಿಂದಲೇ ಬೇರೆಯವರಿಗೆ ಸ್ಪ್ಯಾಮ್ ಕಳಿಸುವ ಹಳೆಯ ಕಳ್ಳತನ ಈಗಲೂ ನಡೆಯುತ್ತದೆ, ಲಾಗಿನಲ್ಲಿ ನೋಡಿದ್ದೇನೆ. ಮೇಲ್ ಫಂಕ್ಷನ್ನಿನ ಐದನೇ ಪ್ಯಾರಾಮೀಟರ್‌ಗಂತೂ (ಸರ್ವರಿನ ಮೇಲ್ ಪ್ರೋಗ್ರಾಂಗೆ ನೇರ ಸೂಚನೆ ಹೋಗುವ ಜಾಗ) ಹೊರಗಿನವರು ಕೊಟ್ಟದ್ದನ್ನು ಯಾವತ್ತೂ ಹಾಕಬೇಡಿ. 2016ರ ಡಿಸೆಂಬರ್‌ನಲ್ಲಿ ಪಿಎಚ್‌ಪಿಮೇಲರ್‌ನಲ್ಲಿ ಸಿಕ್ಕ ದೊಡ್ಡ ತೂತು ಇದೇ ದಾರಿಯದ್ದು. ಹೋದ ವರ್ಷ ಕೈಗೆ ಬಂದ ಒಂದು ಸೈಟಿನಲ್ಲಿ ಅದಕ್ಕೂ ಹಿಂದಿನ ಕಾಪಿ ಹಾಗೇ ಓಡುತ್ತಿತ್ತು. ಅವತ್ತೇ ಬದಲಾಯಿಸಿದೆ.

ನಡುವೆ ಒಂದು ಆಸೆ ಹತ್ತಿತು, ಸಬ್ಜೆಕ್ಟ್ ಕನ್ನಡದಲ್ಲಿ ಬರಬೇಕು ಅಂತ. "ಹೊಸ ಎನ್‌ಕ್ವೈರಿ: ಮದುವೆ ಊಟ" ಅಂತ ಕಳಿಸಿದರೆ ಕಸದ ಅಕ್ಷರ ಬಂತು. ಪಿಎಚ್‌ಪಿಮೇಲರ್‌ನ ಚಾರ್‌ಸೆಟ್ (ಅಕ್ಷರ ಬರೆಯುವ ಪದ್ಧತಿ) ತಾನಾಗಿ ಕನ್ನಡ ಹಿಡಿಯುವ ಯುಟಿಎಫ್-8 ಇರುವುದಿಲ್ಲ, ಐಎಸ್‌ಒ-8859-1 ಇರುತ್ತದೆ. ಅದನ್ನು ಬದಲಾಯಿಸಿದರೆ ಆಯಿತು. ಬರೀ ಮೇಲ್ ಫಂಕ್ಷನ್ ಬಳಸುವವರು ಸಬ್ಜೆಕ್ಟನ್ನು ಎನ್‌ಕೋಡ್ ಮಾಡಲೇಬೇಕು. ಕನ್ನಡದ ಒಂದೊಂದು ಚಿಹ್ನೆಯೂ 3 ಬೈಟ್, ಎನ್‌ಕೋಡ್ ಮಾಡಿದ ಒಂದು ತುಂಡು 75 ಅಕ್ಷರ ದಾಟಬಾರದು. ಕೈಯಿಂದ ಕತ್ತರಿಸಲು ಹೋಗಿ ಒತ್ತಕ್ಷರದ ನಡುವೆಯೇ ಬೈಟ್ ಮುರಿದಿದ್ದೆ. ಅಣ್ಣನ ಫೋನಿನಲ್ಲಿ ಮೊದಲ ಸಲ ಕನ್ನಡ ಸಬ್ಜೆಕ್ಟ್ ಸರಿಯಾಗಿ ಬಂದಾಗ ಅವರು ಅಡುಗೆಮನೆಯ ಹುಡುಗರನ್ನೆಲ್ಲ ಕರೆದು ತೋರಿಸಿದರು. ಅವತ್ತಿನ ಖುಷಿ ನನಗೆ ಇನ್ನೂ ಇದೆ.

ಎಸ್‌ಎಂಎಸ್ ಕೂಡ ನೋಡಿದೆ. ವ್ಯಾಪಾರದ ಎಸ್‌ಎಂಎಸ್‌ಗೆ ಬೇಕಾದ ಡಿಎಲ್‌ಟಿ ರಿಜಿಸ್ಟ್ರೇಶನ್, ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ ಮಂಜೂರಾತಿ, ಸಣ್ಣ ವ್ಯಾಪಾರಕ್ಕೆ ಆಗುವ ಮಾತಲ್ಲ. ಟೆಲಿಗ್ರಾಮ್ ಬಾಟ್ ಫ್ರೀ, ಒಂದು ಸಾಲಿನ ಕರ್ಲ್ ಕಮಾಂಡಿನಲ್ಲಿ ಮುಗಿಯುತ್ತದೆ. ಕಸ್ಟಮರ್ ಒಮ್ಮೆ ಬಾಟ್‌ಗೆ ಸ್ಟಾರ್ಟ್ ಒತ್ತಿರಬೇಕು ಅಷ್ಟೇ. ಈಗ ನಾಲ್ಕು ಜನರಿಗೆ ಮೇಲ್ ಜೊತೆ ಅದೂ ಹೋಗುತ್ತದೆ, ಅದಕ್ಕೆ ವರ್ಷಕ್ಕೆ 500 ಜಾಸ್ತಿ ತೆಗೆದುಕೊಳ್ಳುತ್ತೇನೆ.

ಈ ಟೇಬಲ್ ಏರ್ಪಾಟು ಮಾಡಿದ ಮೇಲಿನ 14 ತಿಂಗಳಲ್ಲಿ ಎಸ್‌ಎಂಟಿಪಿ ಮೂರು ಸಲ ನಿಂತಿತ್ತು, ಒಮ್ಮೆ ಸುಮಾರು ಆರು ಗಂಟೆ. ಟೇಬಲ್‌ನಲ್ಲಿ ಕೂತಿದ್ದವೆಲ್ಲ ಆಮೇಲೆ ತಾವಾಗಿಯೇ ಹೋದವು. ತಿಂಗಳಿಗೊಮ್ಮೆ ಟೇಬಲ್‌ನ ಸಾಲುಗಳನ್ನೂ ಅಣ್ಣನ ಇನ್‌ಬಾಕ್ಸನ್ನೂ ಎಣಿಸಿ ತಾಳೆ ನೋಡುತ್ತೇನೆ. ಇದುವರೆಗೆ ಒಂದೂ ಕಡಿಮೆ ಬಂದಿಲ್ಲ.

ಮೊನ್ನೆ ಪುಣೆಯ ಗೆಳೆಯ ಫೋನ್ ಮಾಡಿದ. ಅವನ ಮಾವನವರದು ಕೋತ್ರೂಡ್‌ನಲ್ಲಿ ಫರ್ನಿಚರ್ ಅಂಗಡಿ. ಫಾರ್ಮ್ ಸರ್ವಿಸ್‌ನ ಫ್ರೀ ಮಿತಿ ತಿಂಗಳ ನಡುವೆಯೇ ಮುಗಿಯುತ್ತಿದೆಯಂತೆ. "ನಿಂದು ಕೋಡ್ ಕಳಸು" ಅಂದ. ಆ ರಾತ್ರಿಯೇ ಜಿಪ್ ಮಾಡಿ ಕಳಿಸಿದೆ. ಬಾಟ್ ಹಿಡಿಯುವ ಫೈಲ್ ಒಂದನ್ನು ಬಿಟ್ಟು.