ಮನೆಯಲ್ಲಿ ಕಟ್ಟಿದ ಸಿಂಥ್‌ಗೆ ಪವರ್ ಎಲ್ಲಿಂದ?

ನಿಮ್ಮ ಸಿಂಥ್ (ಸಿಂಥಸೈಜರ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಒಂದೇ ಸಿಡಿ40106 ಚಿಪ್ಪಿನ ಆಸಿಲೇಟರ್, ಅಂದರೆ ಸ್ವರ ಹುಟ್ಟಿಸುವ ಸರ್ಕ್ಯೂಟ್ ಆದರೆ, 9 ವೋಲ್ಟ್ ಬ್ಯಾಟರಿ ಸಾಕು. ಅದು ಎಳೆಯುವುದು ಕೆಲವೇ ಮಿಲಿಆಂಪ್, ಗುಂಯ್‌ಗುಡುವ ತೊಂದರೆಯೂ ಇಲ್ಲ. ಬ್ಯಾಟರಿ ಬಿಟ್ಟು ಅಡಾಪ್ಟರ್ ಹಾಕುವುದಾದರೆ ಮೊದಲು ಪ್ಲಸ್-ಮೈನಸ್ ನೋಡಿ: ಗಿಟಾರ್ ಪೆಡಲ್ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ ಮೈನಸ್, ಅಂಗಡಿಯ ಬಹುತೇಕ ಅಡಾಪ್ಟರ್‌ಗಳಲ್ಲಿ ಪ್ಲಸ್. ಪ್ಲಸ್ ದಾರಿಯಲ್ಲಿ ಸರಣಿಯಾಗಿ 1ಎನ್5817 ಡಯೋಡ್ ಇಟ್ಟರೆ ಉಲ್ಟಾ ಚುಚ್ಚಿದರೂ ಚಿಪ್ ಸುಡುವುದಿಲ್ಲ. ಕಳೆದುಕೊಳ್ಳುವುದು ಸುಮಾರು 0.3 ವೋಲ್ಟ್.

ಟಿಎಲ್072 ಆಪ್-ಆಂಪ್ ಚಿಪ್ ತುಂಬಿದ ಫಿಲ್ಟರ್, ವಿಸಿಓಗಳಿಗೆ (ವೋಲ್ಟೇಜಿನಿಂದ ಸ್ವರ ಬದಲಿಸುವ ಆಸಿಲೇಟರ್) ಮಾತ್ರ ಯೂರೋರ್ಯಾಕ್ ಎಂಬ ಮಾಡ್ಯುಲರ್ ಸಿಂಥ್ ಪದ್ಧತಿಯಂತೆ ±12 ವೋಲ್ಟ್ ಬೇಕು. ಒಂದೇ ಡಿಸಿ ಅಡಾಪ್ಟರ್‌ನ ವೋಲ್ಟೇಜನ್ನು ರೆಸಿಸ್ಟರ್‌ಗಳಿಂದ ಸೀಳಿ, ನಡುವಿನ ಬಿಂದುವನ್ನೇ ಗ್ರೌಂಡ್ ಎಂದುಕೊಳ್ಳುವ ವರ್ಚುವಲ್ ಗ್ರೌಂಡ್ ಮಾಡಬಹುದು. ಆದರೆ ಅದೇ ಅಡಾಪ್ಟರ್‌ನಿಂದ ನಡೆಯುವ ಇನ್ನೊಂದು ಪೆಟ್ಟಿಗೆಗೆ ಆಡಿಯೋ ಕೇಬಲ್ ಹಾಕಿದ ಕ್ಷಣ, ನಿಮ್ಮ ಗ್ರೌಂಡ್ ಅದರ ಮೈನಸ್‌ಗೆ ಶಾರ್ಟ್ ಆಗುತ್ತದೆ.

ನಮ್ಮ ಆಯ್ಕೆ 12 ವೋಲ್ಟ್, 1 ಆಂಪ್‌ನ ಎಸಿ ಅಡಾಪ್ಟರ್. ಔಟ್‌ಪುಟ್ ಎಸಿ ಎಂದೇ ಲೇಬಲ್ಲಿನಲ್ಲಿರಬೇಕು. ಡಿಸಿ ಅಡಾಪ್ಟರ್‌ನಿಂದ ಮುಂದೆ ಹೇಳುವ ಸರ್ಕ್ಯೂಟ್ ನಡೆಯದು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 12-0-12 ಟ್ರಾನ್ಸ್‌ಫಾರ್ಮರ್ ಸಲೀಸಾಗಿ ಸಿಗುತ್ತದೆ ನಿಜ. ಅದಕ್ಕೆ 230 ವೋಲ್ಟನ್ನು ನೀವೇ ಜೋಡಿಸಬೇಕು, ಹಾಗಾಗಿ ಮೊದಲ ಸಲಕ್ಕೆ ಅದರ ಸಹವಾಸ ಬೇಡ.

ಅಡಾಪ್ಟರ್‌ನ ಒಂದು ತಂತಿ ಗ್ರೌಂಡ್. ಇನ್ನೊಂದು ತಂತಿಯನ್ನು ಒಂದು 1ಎನ್4007 ಡಯೋಡಿನ ಆನೋಡ್‌ಗೂ (ಪಟ್ಟಿ ಇಲ್ಲದ ತುದಿ) ಮತ್ತೊಂದರ ಕ್ಯಾಥೋಡ್‌ಗೂ (ಪಟ್ಟಿ ಇರುವ ತುದಿ) ಸೇರಿಸಿ. ಮೊದಲನೆಯದರ ಕ್ಯಾಥೋಡ್‌ನಲ್ಲಿ ಪ್ಲಸ್ ಬರುತ್ತದೆ, ಎರಡನೆಯದರ ಆನೋಡ್‌ನಲ್ಲಿ ಮೈನಸ್. ಎರಡೂ ಕಡೆ ಗ್ರೌಂಡ್‌ಗೆ 4700 ಮೈಕ್ರೋಫ್ಯಾರಡ್, 35 ವೋಲ್ಟ್ ಕೆಪಾಸಿಟರ್. ಮೈನಸ್ ಕಡೆಯಲ್ಲಿ ಕೆಪಾಸಿಟರ್‌ನ ಪ್ಲಸ್ ಕಾಲು ಗ್ರೌಂಡ್‌ಗೆ ಹೋಗಬೇಕು, ತಪ್ಪಿದರೆ ಢಮಾರ್. 12 ವೋಲ್ಟ್ ಎಸಿಯ ಶಿಖರವೇ 17 ವೋಲ್ಟ್, ಲೋಡ್ ಇಲ್ಲದಾಗ ಇನ್ನೂ ಹೆಚ್ಚು. ಆದ್ದರಿಂದ 16 ವೋಲ್ಟಿನವು ಕೆಲಸಕ್ಕೆ ಬಾರವು.

ಕೆಪಾಸಿಟರ್ ಗಾತ್ರದಲ್ಲಿ ಜಿಪುಣತನ ಬೇಡ. ಅರ್ಧ ಅಲೆ ಮಾತ್ರ ಸಿಗುವುದರಿಂದ 50 ಹರ್ಟ್ಸ್‌ನಲ್ಲಿ 20 ಮಿಲಿಸೆಕೆಂಡಿಗೊಮ್ಮೆ ಚಾರ್ಜ್ ಆಗುತ್ತದೆ. 200 ಮಿಲಿಆಂಪ್ ಎಳೆದರೆ 4700ರಲ್ಲಿ ಏರಿಳಿತ ಸುಮಾರು 0.85 ವೋಲ್ಟ್. 470 ಹಾಕಿದರೆ ಲೆಕ್ಕಕ್ಕೆ 8.5! ವೋಲ್ಟೇಜನ್ನು 12ಕ್ಕೆ ನಿಲ್ಲಿಸುವ ರೆಗ್ಯುಲೇಟರ್ ಚಿಪ್ಪಿಗೆ ಬೇಕಾದ ಸುಮಾರು 14.5 ವೋಲ್ಟಿಗಿಂತ ಕೆಳಗೆ ಜಾರಿದಾಗಲೆಲ್ಲ ಆ ಗುಳಿ ಸ್ಪೀಕರ್‌ನಲ್ಲಿ ಹಮ್ ಆಗಿ ಕೇಳುತ್ತದೆ.

ಮುಂದೆ ಆ ರೆಗ್ಯುಲೇಟರ್‌ಗಳು: ಪ್ಲಸ್ 12ಕ್ಕೆ 7812, ಮೈನಸ್ 12ಕ್ಕೆ 7912. ಬರಹ ನಿಮ್ಮತ್ತ ಇದ್ದಾಗ ಎಡದಿಂದ 7812ರ ಕಾಲುಗಳು ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರವು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಹೆಚ್ಚಿನವರು ಎಡವುವುದು ಇಲ್ಲೇ. 7912ರ ಬೆನ್ನಿನ ಲೋಹ ಇನ್‌ಪುಟ್‌ಗೇ ಸೇರಿದೆ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಹೀಟ್‌ಸಿಂಕ್. 7812ರ ಇನ್‌ಪುಟ್‌ಗೆ 0.33, ಔಟ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್, 7912ರ ಎರಡೂ ಬದಿಗೆ 25 ಮೈಕ್ರೋಫ್ಯಾರಡ್ ಎಲೆಕ್ಟ್ರೋಲಿಟಿಕ್, ಕಾಲುಗಳ ಹತ್ತಿರವೇ. ಪ್ರತಿ ಔಟ್‌ಪುಟ್‌ನಿಂದ ಗ್ರೌಂಡ್‌ಗೆ ಹಿಮ್ಮುಖವಾಗಿ ಒಂದೊಂದು 1ಎನ್4007 ಇರಲಿ. ಒಂದು ರೆಗ್ಯುಲೇಟರ್ ಮೊದಲು ಎದ್ದು ಇನ್ನೊಂದನ್ನು ಉಲ್ಟಾ ಎಳೆಯುವುದನ್ನು ಅದು ತಡೆಯುತ್ತದೆ.

ಮಾಡ್ಯೂಲ್ (ಫಿಲ್ಟರ್, ವಿಸಿಓದಂಥ ಬಿಡಿ ಭಾಗ) ಸಿಕ್ಕಿಸುವ ಮುನ್ನ ಎರಡೂ ಕಡೆ 100 ಓಮ್, 5 ವಾಟ್ ರೆಸಿಸ್ಟರ್ ಹೇರಿ ಮೀಟರ್ ಹಿಡಿಯಿರಿ. ರೆಸಿಸ್ಟರ್ ಬಿಸಿಯಾಗುತ್ತದೆ, ಮುಟ್ಟಬೇಡಿ. 11.5 ಮತ್ತು 12.5ರ ನಡುವೆ ಬಂದರೆ ರಿಬ್ಬನ್ ಕೇಬಲ್ ಜೋಡಿಸಿ. ಕೆಂಪು ಗೆರೆ ಇರುವುದು ಮೈನಸ್ 12ರ ಕಡೆ.